ಕುದ್ಮುಲ್ ರಂಗರಾಯರೂ ನಮ್ಮ ಶಾಲೆಗಳ ಚರಿತ್ರೆಯ ಪಾಠವೂ

ಪೆರೇಸಂದ್ರದ ಶಾಲೆಯಲ್ಲಿ ಓದುವ ಬಾಲಕನಿಗೆ ಸರ್ ಎಂ. ವಿಶ್ವೇಶ್ವರಯ್ಯನವರ ಹೆಸರು ತಿಳಿಯದಿರುವುದು ಅಸಂಭವ. ಅವರು ಹುಟ್ಟಿದ ಮುದ್ದೇನಹಳ್ಳಿಯು ಅವನ ಜಿಲ್ಲೆಗೇ ಸೇರಿದುದು. ಗೌರಿಬಿದನೂರಿನ ಬಳಿಯ ವಿದುರಾಶ್ವತ್ಥದಲ್ಲಿ 1938ನೆಯ ಏಪ್ರಿಲ್ 25ರಂದು ನಡೆದ ಗೋಲೀಬಾರಿನ ಸಂಗತಿಯನ್ನೂ ಅವನು ಕೇಳಿರುತ್ತಾನೆ. ಎರಡೂ ಅಭಿಮಾನಪಡತಕ್ಕ ವಿಷಯಗಳೇ. ಆದರೆ ತನ್ನ ಪಕ್ಕದಲ್ಲಿ ಕುಳಿತ ಸಹಪಾಠಿಯ ಮುತ್ತಜ್ಜನಿಗೆ ಇಂಥ ಶಾಲೆಯೊಳಕ್ಕೆ ಬರುವ ಹಕ್ಕಿತ್ತೇ, ಇರದಿದ್ದರೆ ಬಾಗಿಲನ್ನು ಹಾಕಿಕೊಂಡವರು ಯಾರು, ತೆರೆಯಿಸಿದವರು ಯಾರು ಎಂಬುದನ್ನು ಅವನಿಗೆ ತಿಳಿಯಹೇಳುವವರು ವಿರಳ. ಈ ಪ್ರಶ್ನೆಗೆ ಉತ್ತರವನ್ನು ಒಂದು ಜೀವನಚರಿತ್ರೆಯಲ್ಲಿಯೇ ಕಾಣಬಹುದಾಗಿರುವುದರಿಂದ ಅದನ್ನು ಇಂದು ವಾಚಕಮಹಾಶಯರ ಮುಂದಿಡುತ್ತೇವೆ.

ಕುದ್ಮುಲ್ ರಂಗರಾಯರು 1859ನೆಯ ಜೂನ್ 29ರಂದು ಕಾಸರಗೋಡು ಸೀಮೆಯಲ್ಲಿ ಸಾರಸ್ವತ ಬ್ರಾಹ್ಮಣ ಕುಟುಂಬವೊಂದರಲ್ಲಿ ಜನಿಸಿದರು. ಆ ಸೀಮೆಯು ಆಗ ಮದ್ರಾಸು ಆಧಿಪತ್ಯದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿದ್ದು, 1956ರಲ್ಲಿ ಕೇರಳಕ್ಕೆ ಹೋಯಿತು. ಹದಿಹರೆಯದಲ್ಲಿಯೇ ತಂದೆಯನ್ನು ಕಳೆದುಕೊಂಡ ರಂಗರಾಯರು ಮಂಗಳೂರಿಗೆ ಬಂದು, ಉಪಾಧ್ಯಾಯವೃತ್ತಿಯಿಂದ ಜೀವನ ಸಾಗಿಸುತ್ತಲೇ ಪರೀಕ್ಷೆಗೆ ಕುಳಿತು ವಕೀಲರಾದರು. ಉಳ್ಳಾಲ ರಘುನಾಥಯ್ಯನವರು ಮುಂದಾಳಾಗಿದ್ದ ಅಲ್ಲಿನ ಬ್ರಹ್ಮಸಮಾಜದ ಸಹವಾಸವು ಅವರ ಮನಸ್ಸನ್ನು ತಿದ್ದಿತು.

ಅವರ ಬಾಳಿನ ದಾರಿಯನ್ನು ತಿರುಗಿಸಿದ ಪ್ರಸಂಗವನ್ನು ಮಂಗಳೂರಿನವರು ಈಗಲೂ ಹೇಳುತ್ತಾರೆ. ಅಸ್ಪೃಶ್ಯರೆನಿಸಿದ ಜನರಲ್ಲಿ ಮೊದಲಿಗೆ ಓದುಬರಹ ಕಲಿತ ಬೆಂದೂರು ಬಾಬು ಎಂಬಾತನಿಗೆ 1888ರಲ್ಲಿ ನ್ಯಾಯಾಲಯದಲ್ಲಿ ಜವಾನನ ಕೆಲಸ ಸಿಕ್ಕಿತಂತೆ. ಮೇಲ್ಜಾತಿಯವರು ಇದನ್ನು ಸಹಿಸದೆ ಗದ್ದಲವೆಬ್ಬಿಸಿದುದರಿಂದ ಆತನು ಕೆಲಸವನ್ನು ಬಿಡಬೇಕಾಯಿತು. ಇಲ್ಲಿ ನಾವು ಗಮನಿಸತಕ್ಕ ಸಂಗತಿಯೊಂದುಂಟು. ನ್ಯಾಯಾಲಯದ ಸುತ್ತ ಇದ್ದವರು ಅಕ್ಷರಹೀನರಲ್ಲ. ವಕೀಲರು, ಗುಮಾಸ್ತರು, ಅಧಿಕಾರಿಗಳು, ಅಂದರೆ ಈ ಪತ್ರಿಕೆಯನ್ನು ಓದುವಂಥ ವರ್ಗದವರೇ. ಅಜ್ಞಾನದಿಂದ ಅನ್ಯಾಯವುಂಟಾಯಿತೆಂದು ಬರೆದು ಮುಗಿಸುವ ಪಾಠಗಳಿಗೆ ಈ ಪ್ರಸಂಗವು ಒಗ್ಗುವುದಿಲ್ಲ.

1892ರಲ್ಲಿ ರಂಗರಾಯರು ಉರ್ವದ ಚಿಲಿಂಬಿಯಲ್ಲಿ ಬಾಡಿಗೆಯ ಮನೆಯೊಂದನ್ನು ಹಿಡಿದು ಈ ಮಕ್ಕಳಿಗಾಗಿ ಶಾಲೆಯನ್ನು ತೆರೆದರು. ಕಲಿಸಲು ಹಿಂದೂ ಉಪಾಧ್ಯಾಯರು ಮುಂದೆ ಬಾರದಿದ್ದುದರಿಂದ ಕ್ರೈಸ್ತ ಉಪಾಧ್ಯಾಯರನ್ನು ನೇಮಿಸಿಕೊಳ್ಳಬೇಕಾಯಿತು. ನೆರೆಹೊರೆಯ ವಿರೋಧದಿಂದ ಶಾಲೆಯನ್ನು ಅಲ್ಲಿಂದ ಎಬ್ಬಿಸಿ ಬೇರೆಡೆಗೆ ಸಾಗಿಸಬೇಕಾಯಿತು. ಜಾತಿಯವರು ಬಹಿಷ್ಕಾರ ಹಾಕಿದರು. ಕ್ಷೌರಿಕನೂ ಮಡಿವಾಳನೂ ಮನೆಗೆ ಬರುವುದನ್ನು ನಿಲ್ಲಿಸಿದರು. ಪತ್ನಿ ರುಕ್ಮಿಣಿಯವರು ಇದೆಲ್ಲವನ್ನೂ ಪತಿಯೊಡನೆ ಸಮನಾಗಿ ಹೊತ್ತರು.

ಶಾಲೆಯನ್ನು ತೆರೆದುದು ಅರ್ಧ ಕೆಲಸವಷ್ಟೆ. ಕೂಲಿಯಿಂದಲೇ ಹೊಟ್ಟೆ ಹೊರೆಯುವ ಮನೆಯಲ್ಲಿ ಹುಡುಗನು ಪಾಠಕ್ಕೆ ಹೋದರೆ ಆ ದಿನದ ಸಂಪಾದನೆಗೆ ಖೋತಾ. ಇದನ್ನರಿತ ರಂಗರಾಯರು ಹಾಜರಾದ ಪ್ರತಿಯೊಂದು ಮಗುವಿಗೂ ದಿನಕ್ಕೆ 2 ಪೈಸೆಯಂತೆ ಕೊಡುವ ಏರ್ಪಾಡನ್ನು ಮಾಡಿದರು. ರೂಪಾಯಿಗೆ 64 ಪೈಸೆಯಿದ್ದ ಆ ಕಾಲದಲ್ಲಿ ತಿಂಗಳಿಗೆ 25 ದಿನ ಬಂದ ಮಗುವು 12 ಆಣೆ 2 ಪೈಸೆಯನ್ನು ಮನೆಗೆ ಒಯ್ಯುತ್ತಿದ್ದಿತೆಂದು ಲೆಕ್ಕ. ಮಧ್ಯಾಹ್ನದ ಊಟವನ್ನೂ ಶಾಲೆಯಲ್ಲಿಯೇ ಹಾಕಿಸುತ್ತಿದ್ದರು. ಕರ್ನಾಟಕ ಸರ್ಕಾರದ ಅಕ್ಷರ ದಾಸೋಹವು ಆರಂಭವಾದುದು 2002ರಲ್ಲಿ ಎಂಬುದನ್ನು ನೆನೆದರೆ ಆ ವಕೀಲರ ದೂರದೃಷ್ಟಿಯ ಅಳತೆ ಸಿಕ್ಕೀತು. ಬರಿಯ ಉಪದೇಶದಿಂದ ಮಕ್ಕಳು ಶಾಲೆಗೆ ಬರುವರೆಂದು ನಂಬಿದ ಸುಧಾರಕರು ನಮ್ಮಲ್ಲಿ ಬಹಳ ಮಂದಿ ಆಗಿಹೋಗಿದ್ದಾರೆ. ಹಸಿವಿನ ಲೆಕ್ಕವನ್ನು ಹಾಕಿದವರು ಕೆಲವರೇ.

1897ರಲ್ಲಿ ಈ ಕೆಲಸಗಳೆಲ್ಲ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಎಂಬ ಸಂಸ್ಥೆಯ ರೂಪವನ್ನು ತಾಳಿದವು. ಇದೇ ಹೆಸರಿನ ಸಂಸ್ಥೆಯನ್ನು ಜಮಖಂಡಿಯಲ್ಲಿ ಹುಟ್ಟಿದ ವಿಠ್ಠಲ ರಾಮಜಿ ಶಿಂದೆಯವರು ಮುಂಬಯಿಯಲ್ಲಿ ಸ್ಥಾಪಿಸಿದುದು 1906ರಲ್ಲಿ. ಅಸ್ಪೃಶ್ಯರ ಮೇಲಿನ ನಿರ್ಬಂಧಗಳು ಹೋಗಬೇಕೆಂದು ಕಾಂಗ್ರೆಸ್ ಮಹಾಸಭೆಯು ಕಲ್ಕತ್ತೆಯಲ್ಲಿ ನಿರ್ಣಯ ಮಾಡಿದುದು 1917ರಲ್ಲಿ. ಸ್ವರಾಜ್ಯದ ಪಕ್ಷವನ್ನು ಹಿಡಿದ ನಮ್ಮಂಥ ಪತ್ರಿಕೆಗಳವರು ಈ 20 ವರ್ಷಗಳ ಅಂತರವನ್ನು ಮುಚ್ಚಿಡಬಾರದು. ಮಂಗಳೂರಿನ ಮಿಷನ್ನು ಶಾಲೆಗಳೊಡನೆ ನೇಯ್ಗೆ, ಬಡಗಿಕೆಲಸಗಳನ್ನೂ ಕಲಿಸಿತು. ಸರ್ಕಾರದಿಂದ ಭೂಮಿಯನ್ನು ಪಡೆದು ನೆಲೆಯಿಲ್ಲದವರಿಗೆ ಮನೆಗಳನ್ನು ಒದಗಿಸಿತು.

ಮನೆಯೊಳಗೂ ಅವರು ನುಡಿದಂತೆ ನಡೆದರು. ಬಾಲ್ಯದಲ್ಲಿಯೇ ವಿಧವೆಯಾದ ಮಗಳು ರಾಧಾಬಾಯಿಯನ್ನು ಮದ್ರಾಸಿನಲ್ಲಿ ಓದಿಸಿ, 1912ರಲ್ಲಿ ಬೇರೆ ಜಾತಿಯವರಾದ ಡಾಕ್ಟರ್ ಪಿ. ಸುಬ್ಬರಾಯನ್ ಅವರಿಗೆ ವಿವಾಹ ಮಾಡಿಕೊಟ್ಟರು. ಸುಬ್ಬರಾಯನ್ ಅವರು 1926ರಲ್ಲಿ ಮದ್ರಾಸಿನ ಮುಖ್ಯಮಂತ್ರಿಗಳಾದರು. ಆಕೆಯು 1930ರಲ್ಲಿ ಲಂಡನ್ನಿನ ದುಂಡುಮೇಜಿನ ಪರಿಷತ್ತಿನಲ್ಲಿ ಕುಳಿತಳು.

ಮೈಸೂರು ಸಂಸ್ಥಾನದ ವೃತ್ತಾಂತವೂ ಇದಕ್ಕಿಂತ ಬಹಳ ಭಿನ್ನವೇನಲ್ಲ. ಜಾತಿಯ ಕಾರಣದಿಂದ ಯಾವ ಮಗುವಿಗೂ ಸರ್ಕಾರದ ಶಾಲೆಯಲ್ಲಿ ಪ್ರವೇಶ ನಿರಾಕರಿಸಕೂಡದೆಂದು ಸಂಸ್ಥಾನವು 1915ರಲ್ಲಿ ಆಜ್ಞೆ ಹೊರಡಿಸಿದಾಗ, ತಮ್ಮ ಮಕ್ಕಳನ್ನು ಶಾಲೆಯಿಂದ ಬಿಡಿಸಿಕೊಂಡು ಹೋದ ತಂದೆತಾಯಿಗಳಿದ್ದರು. ಆಗ ದಿವಾನರಾಗಿದ್ದವರು ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯನವರೇ. ಆದುದರಿಂದ ಪೆರೇಸಂದ್ರದ ಉಪಾಧ್ಯಾಯರು ಈ ಪಾಠಕ್ಕಾಗಿ ಘಟ್ಟ ಇಳಿದು ಹೋಗಬೇಕಾಗಿಯೂ ಇಲ್ಲ.

2022ರಲ್ಲಿ ರಾಜ್ಯದ ಪಠ್ಯಪುಸ್ತಕಗಳ ವಿಷಯವಾಗಿ ನಡೆದ ವಿವಾದದಲ್ಲಿ ಯಾರ ಪಾಠ ಇರಬೇಕು, ಯಾರದನ್ನು ತೆಗೆಯಬೇಕು ಎಂಬುದೇ ದೊಡ್ಡ ಮಾತಾಯಿತು. ಇದ್ದ ಪಾಠವನ್ನು ಹೇಗೆ ಹೇಳಬೇಕೆಂಬ ವಿಚಾರವು ಹಿಂದೆ ಬಿದ್ದಿತು. ರಂಗರಾಯರನ್ನು ದೀನೋದ್ಧಾರಕರೆಂದು ನಾಲ್ಕು ಸಾಲಿನಲ್ಲಿ ಹೊಗಳಿದರೆ, ಓದುವ ಮಕ್ಕಳಲ್ಲಿ ಕೆಲವರು ಉದ್ಧಾರ ಮಾಡಿದವರ ಕಡೆಯವರಾಗಿಯೂ ಕೆಲವರು ಉದ್ಧಾರಗೊಂಡವರ ಕಡೆಯವರಾಗಿಯೂ ತರಗತಿಯಲ್ಲಿಯೇ ಎರಡು ಪಂಕ್ತಿಯಾಗುವರು. ಬೆಂದೂರು ಬಾಬುವು ಯಾರ ನೆರವಿಗೂ ಕಾಯದೆ ಅಕ್ಷರ ಕಲಿತವನು. ದಿನದ ಕೂಲಿಯನ್ನು ಬಿಟ್ಟು ಮಗುವನ್ನು ಚಿಲಿಂಬಿಗೆ ಕಳುಹಿಸಿದ ತಾಯಿಯ ಧೈರ್ಯವು ವಕೀಲರ ಧೈರ್ಯಕ್ಕಿಂತ ಕಡಿಮೆಯದೇನೂ ಅಲ್ಲ. ಇವರಿಬ್ಬರನ್ನೂ ಬಾಗಿಲು ಹಾಕಿಕೊಂಡ ನಗರವಾಸಿಗಳನ್ನೂ ಸೇರಿಸಿ ಹೇಳಿದರೆ ಮಾತ್ರ ಪಾಠವು ಪೂರ್ಣವಾಗುತ್ತದೆ. ಇದರಿಂದ ಮಕ್ಕಳಲ್ಲಿ ದ್ವೇಷ ಹುಟ್ಟೀತೆಂದು ಹೆದರುವ ವಿದ್ಯಾಧಿಕಾರಿಗಳ ವಾದವನ್ನು ನಾವು ಒಪ್ಪಲಾರೆವು. ರಂಗರಾಯರು ತಾವೇ ಬಾಗಿಲು ಹಾಕಿಕೊಂಡವರ ಕುಲದಲ್ಲಿ ಹುಟ್ಟಿದವರಲ್ಲವೇ?

ತಮ್ಮ ಶಾಲೆಗಳಲ್ಲಿ ಕಲಿತ ಮಗುವೊಂದು ಮುಂದೆ ಸರ್ಕಾರಿ ಅಧಿಕಾರಿಯಾಗಿ ಮೋಟಾರಿನಲ್ಲಿ ಸಾಗುವಾಗ ಏಳುವ ಧೂಳು ತಮ್ಮ ತಲೆಯ ಮೇಲೆ ಬೀಳಲೆಂಬುದು ಅವರ ಆಸೆಯಾಗಿತ್ತು. 1927ರಲ್ಲಿ ಸಂನ್ಯಾಸ ಸ್ವೀಕರಿಸಿ ಈಶ್ವರಾನಂದರೆಂಬ ಹೆಸರನ್ನು ಪಡೆದರು. 1928ನೆಯ ಜನವರಿ 30ರಂದು ಕಾಲವಾದರು. ತಮ್ಮ ಶವವನ್ನು ಊರಿನ ತೋಟಿಗಳೇ ಹೊರಬೇಕೆಂದು ಮೊದಲೇ ತಿಳಿಸಿದ್ದರು; ಹಾಗೆಯೇ ನಡೆಯಿತು.