ಪಕ್ಷಿಗಳ ಬೆನ್ನು ಹತ್ತಿದ ಡಾ. ಸಲೀಂ ಅಲಿ



ಎಸ್.ಎಸ್.ಎಲ್.ಸಿ. ಫಲಿತಾಂಶ ಬಂದ ವಾರ ನಮ್ಮ ಶಾಲೆಗೆ ಬರುವ ತಂದೆ-ತಾಯಂದಿರು ಕೇಳುವ ಮೊದಲ ಪ್ರಶ್ನೆ, ಯಾವ ಕೋರ್ಸಿಗೆ ಹೆಚ್ಚು ಸ್ಕೋಪ್ ಇದೆ ಎಂಬುದು. ಸ್ಕೋಪ್ ಎಂದರೆ ಸಂಬಳ. ನಾನು ಅವರನ್ನು ದೂರುವುದಿಲ್ಲ. ಮನೆ ಬಾಡಿಗೆ, ತಂಗಿಯ ಮದುವೆ ಎಲ್ಲವೂ ನಾಳೆ ಆ ಹುಡುಗನ ಹೆಗಲಿಗೇ ಬರುವುದು ನನಗೂ ಗೊತ್ತು. ಆದರೂ ಯಾವ ಸ್ಕೋಪೂ ಇಲ್ಲದ ದಾರಿ ಹಿಡಿದ ಒಬ್ಬರ ಜೀವನವನ್ನು ಈ ಸಲ ನಿಮ್ಮ ಮುಂದೆ ಇಡುತ್ತಿದ್ದೇನೆ.

ಸಲೀಂ ಅಲಿಯವರು ಹುಟ್ಟಿದ್ದು 1896ರ ನವೆಂಬರ್ 12ರಂದು, ಮುಂಬಯಿಯಲ್ಲಿ. ಹತ್ತು ಮಕ್ಕಳಲ್ಲಿ ಕೊನೆಯವರು. ಒಂದು ವರ್ಷವಿದ್ದಾಗ ತಂದೆ ತೀರಿಕೊಂಡರು, ಮೂರು ವರ್ಷವಿದ್ದಾಗ ತಾಯಿ. ಮಕ್ಕಳಿಲ್ಲದ ಸೋದರಮಾವ ಅಮೀರುದ್ದೀನ್ ತ್ಯಾಬ್ಜಿ ಮತ್ತು ಅವರ ಪತ್ನಿ ಹಮೀದಾ ಬೇಗಂ ಈ ಅನಾಥ ಮಕ್ಕಳನ್ನು ಸಾಕಿದರು.

ಹುಡುಗನ ಕೈಯಲ್ಲಿ ಒಂದು ಏರ್‌ಗನ್ ಇತ್ತು. ಒಂದು ದಿನ ಹೊಡೆದ ಗುಬ್ಬಿಯ ಕತ್ತಿನಲ್ಲಿ ಹಳದಿ ಮಚ್ಚೆ ಕಂಡಿತು. ಇದನ್ನು ತಿನ್ನಬಹುದೋ ಬಾರದೋ ಎಂಬ ಸಂಶಯ ಬಂದು ಮಾಮುವಿನ ಬಳಿ ಒಯ್ದ. ಮಾಮುವಿಗೂ ಅದು ಯಾವ ಹಕ್ಕಿಯೆಂದು ತಿಳಿಯಲಿಲ್ಲ. ಹುಡುಗನನ್ನು ಗದರಿಸಿ ಕಳಿಸದೆ, ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಕಾರ್ಯದರ್ಶಿ ಮಿಲ್ಲಾರ್ಡ್ ಎಂಬ ಇಂಗ್ಲಿಷರ ಬಳಿಗೆ ಕಳಿಸಿದರು. 1908ರ ಮಾತಿದು. ಅವರು ಹಕ್ಕಿಯನ್ನು ಗುರುತಿಸಿದ್ದಲ್ಲದೆ ಸೊಸೈಟಿಯ ಪಕ್ಷಿ ಸಂಗ್ರಹವನ್ನೆಲ್ಲ ತೆರೆದು ತೋರಿಸಿದರು, ಪುಸ್ತಕ ಕೊಟ್ಟರು. ಶಿಕ್ಷಕನಾಗಿ ನಾನು ಈ ಜಾಗದಲ್ಲಿ ಯಾವಾಗಲೂ ನಿಲ್ಲುತ್ತೇನೆ. ತನಗೆ ಗೊತ್ತಿಲ್ಲವೆಂದು ಒಪ್ಪಿಕೊಂಡು, ಗೊತ್ತಿರುವವರ ಮನೆಬಾಗಿಲಿಗೆ ಮಗುವನ್ನು ಕಳಿಸುವ ಹಿರಿಯರು ನಮ್ಮ ಮೊಹಲ್ಲಾಗಳಲ್ಲಿ ಎಷ್ಟು ಮಂದಿ?

ಓದಿನಲ್ಲಿ ಅವರು ಮುಂದಿದ್ದವರೇನೂ ಅಲ್ಲ. 1913ರಲ್ಲಿ ಮೆಟ್ರಿಕ್ ಹೇಗೋ ಪಾಸಾಯಿತು. ಕಾಲೇಜಿನಲ್ಲಿ ಗಣಿತ ತಲೆಗೆ ಹತ್ತಲಿಲ್ಲ. ಕಾಲೇಜು ಬಿಟ್ಟು, ಮನೆಯವರ ಗಣಿ ಮತ್ತು ಮರದ ವ್ಯಾಪಾರ ನೋಡಿಕೊಳ್ಳಲು ಬರ್ಮಾದ ತವೊಯ್‌ಗೆ ಹೋದರು. ವ್ಯಾಪಾರಕ್ಕಿಂತ ಅಲ್ಲಿನ ಕಾಡೇ ಅವರನ್ನು ಹೆಚ್ಚು ಸೆಳೆಯಿತು. 1917ರಲ್ಲಿ ಮುಂಬಯಿಗೆ ಬಂದು ವಾಣಿಜ್ಯ ಕಾನೂನು, ಲೆಕ್ಕಪತ್ರ ಕಲಿಯುತ್ತಿದ್ದಾಗ, ಫಾದರ್ ಬ್ಲಾಟರ್ ಅವರ ಒತ್ತಾಯದಿಂದ ಸೇಂಟ್ ಝೇವಿಯರ್ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರವನ್ನೂ ಓದಿದರು. 1918ರಲ್ಲಿ ತೆಹಮೀನಾ ಅವರೊಂದಿಗೆ ನಿಕಾಹ್ ಆಯಿತು. ಬರ್ಮಾದ ವ್ಯಾಪಾರ ಮುಂದೆ ಮುಳುಗಿತು.

ಈಗ ಕೆಲಸ ಬೇಕು. ಪದವಿ ಇಲ್ಲದ ಕಾರಣ ಸರ್ಕಾರದ ಪ್ರಾಣಿಶಾಸ್ತ್ರ ಸರ್ವೇಕ್ಷಣ ಇಲಾಖೆಯ ಹುದ್ದೆ ಕೈತಪ್ಪಿತು. 1926ರಲ್ಲಿ ಮುಂಬಯಿಯ ಪ್ರಿನ್ಸ್ ಆಫ್ ವೇಲ್ಸ್ ಮ್ಯೂಸಿಯಂನಲ್ಲಿ ನೋಡಲು ಬಂದವರಿಗೆ ವಿವರಿಸುವ ಗೈಡ್ ಲೆಕ್ಚರರ್ ಕೆಲಸ ಸಿಕ್ಕಿತು, ತಿಂಗಳಿಗೆ 350 ರೂಪಾಯಿ. ಆ ಕಾಲಕ್ಕೆ ಒಳ್ಳೆಯ ಸಂಬಳ. ಎರಡು ವರ್ಷಕ್ಕೆ ಬೇಸರ ಬಂದು, ರಜೆ ಹಾಕಿ ಬರ್ಲಿನ್ನಿಗೆ ಹೋಗಿ ಪ್ರೊ. ಸ್ಟ್ರೆಸೆಮನ್ ಅವರ ಬಳಿ ಪಕ್ಷಿಶಾಸ್ತ್ರ ಕಲಿತರು. 1930ರಲ್ಲಿ ಹಿಂತಿರುಗಿದಾಗ, ಹಣವಿಲ್ಲವೆಂದು ಆ ಹುದ್ದೆಯನ್ನೇ ತೆಗೆದುಹಾಕಲಾಗಿತ್ತು.

ಸ್ವಲ್ಪ ಯೋಚಿಸಿ ನೋಡಿ. ವಯಸ್ಸು 33, ಮದುವೆಯಾಗಿದೆ, ಡಿಗ್ರಿ ಇಲ್ಲ, ನೌಕರಿ ಹೋಗಿದೆ. ನಮ್ಮ ಮನೆಗಳಲ್ಲಾಗಿದ್ದರೆ ಒಂದು ಅಂಗಡಿ ಇಟ್ಟುಕೊಡೋಣ ಎನ್ನುತ್ತಿದ್ದರು. ಸಲೀಂ ಅಲಿ ಪತ್ನಿಯೊಂದಿಗೆ ಸಮುದ್ರದಂಚಿನ ಕಿಹಿಂ ಎಂಬ ಹಳ್ಳಿಗೆ ಹೋಗಿ ನೆಲೆಸಿದರು. ಅಲ್ಲಿ ಮರದ ತುಂಬ ಗೀಜಗನ ಗೂಡುಗಳು. ಗಂಟೆಗಟ್ಟಲೆ ಮರೆಯಲ್ಲಿ ಕುಳಿತು ನೋಡಿ, ಅವುಗಳ ಸಂಸಾರದ ಗುಟ್ಟು ಕಂಡುಹಿಡಿದರು. ಗಂಡುಹಕ್ಕಿ ಅರ್ಧ ಗೂಡು ನೇಯ್ದು ಕಾಯುತ್ತದೆ, ಹೆಣ್ಣು ಬಂದು ಪರೀಕ್ಷಿಸಿ ಒಪ್ಪಿದರೆ ಮಾತ್ರ ಗೂಡು ಪೂರ್ತಿಯಾಗುತ್ತದೆ. ಆಮೇಲೆ ಗಂಡು ಇನ್ನೊಂದು ಗೂಡು, ಇನ್ನೊಂದು ಜೊತೆಗೆ ಹೊರಡುತ್ತದೆ. ಕೆಲಸವಿಲ್ಲದ ದಿನಗಳ ಈ ಕೆಲಸವೇ ಅವರಿಗೆ ವಿದ್ವಾಂಸರ ನಡುವೆ ಹೆಸರು ತಂದಿತು.

ಬಳಿಕ ಅವರು ದೇಶೀ ಸಂಸ್ಥಾನಗಳ ಮುಂದೆ ಒಂದು ಬೇಡಿಕೆ ಇಟ್ಟರು. ಡೇರೆ ಮತ್ತು ಓಡಾಟದ ಖರ್ಚು ಕೊಟ್ಟರೆ ಸಾಕು, ಸಂಬಳವಿಲ್ಲದೆ ನಿಮ್ಮ ಸೀಮೆಯ ಪಕ್ಷಿಗಳ ಸಮೀಕ್ಷೆ ಮಾಡಿಕೊಡುತ್ತೇನೆ ಎಂದು. ಹೈದರಾಬಾದ್ ಒಪ್ಪಿತು, ತಿರುವಾಂಕೂರು, ಕೊಚ್ಚಿ ಒಪ್ಪಿದವು, ನಮ್ಮ ಮೈಸೂರೂ ಒಪ್ಪಿತು. ಆ ಡೇರೆಗಳ ಬದುಕಿನಲ್ಲಿ ತೆಹಮೀನಾ ಬೇಗಂ ಜೊತೆಗಿದ್ದರು. ಒಳ್ಳೆಯ ಮನೆತನದ ಸುಖದಲ್ಲಿ ಬೆಳೆದ ಆ ಹೆಣ್ಣುಮಗಳು ಬೇಡವೆಂದಿದ್ದರೆ ಈ ಕಥೆ ಇಲ್ಲಿಗೇ ನಿಲ್ಲುತ್ತಿತ್ತು. ಇನ್ನೊಂದು ಮಾತನ್ನೂ ಮುಚ್ಚಿಡಬಾರದು. ಅವರಿಗೆ ಮಕ್ಕಳಿರಲಿಲ್ಲ, ಬೆನ್ನಿಗೆ ದೊಡ್ಡ ಕುಟುಂಬದ ಆಸರೆ ಇತ್ತು. ಎಲ್ಲರಿಗೂ ಅಷ್ಟು ಅನುಕೂಲ ಇರುವುದಿಲ್ಲ. ಅದನ್ನು ಹೇಳದೆ, ಇಷ್ಟಪಟ್ಟದ್ದನ್ನೇ ಮಾಡಿ ಎಂದು ನಿಮಗೆ ಉಪದೇಶ ಮಾಡಿದರೆ ಅದು ಪ್ರಾಮಾಣಿಕತೆಯಲ್ಲ.

1939ರಲ್ಲಿ ಒಂದು ಸಣ್ಣ ಶಸ್ತ್ರಚಿಕಿತ್ಸೆಯ ನಂತರ ತೆಹಮೀನಾ ತೀರಿಕೊಂಡರು. ಆ ಪೆಟ್ಟಿನಿಂದ ಅವರು ಬೇಗ ಚೇತರಿಸಿಕೊಳ್ಳಲಿಲ್ಲ. ಮತ್ತೆ ಮದುವೆಯಾಗಲಿಲ್ಲ. ತಂಗಲು ಅಕ್ಕ-ಭಾವನ ಮನೆ, ದುಡಿಯಲು ಕಾಡು. 1941ರಲ್ಲಿ ಸಾಮಾನ್ಯ ಓದುಗರಿಗಾಗಿ ಬರೆದ ಭಾರತದ ಪಕ್ಷಿಗಳ ಪುಸ್ತಕ ಬಂದಿತು. ಅಮೆರಿಕದ ಡಿಲ್ಲನ್ ರಿಪ್ಲಿ ಅವರೊಂದಿಗೆ ಬರೆದ 10 ಸಂಪುಟಗಳ ಮಹಾಗ್ರಂಥದ ಮೊದಲ ಸಂಪುಟ 1968ರಲ್ಲಿ, ಕೊನೆಯದು 1974ರಲ್ಲಿ ಪ್ರಕಟವಾಯಿತು. ನಿವೃತ್ತಿಯ ವಯಸ್ಸಿನಲ್ಲಿ ಮಾಡಿದ ಕೆಲಸವಿದು! ಬಿ.ಎ. ಇಲ್ಲದ ಅವರಿಗೆ 1958ರಲ್ಲಿ ಅಲೀಗಢ ಮುಸ್ಲಿಂ ವಿಶ್ವವಿದ್ಯಾನಿಲಯ ಗೌರವ ಡಾಕ್ಟರೇಟ್ ಕೊಟ್ಟಿತು. ಅದೇ ವರ್ಷ ಪದ್ಮಭೂಷಣ, 1976ರಲ್ಲಿ ಪದ್ಮವಿಭೂಷಣ. ಪಾಲ್ ಗೆಟ್ಟಿ ಅಂತರರಾಷ್ಟ್ರೀಯ ಪ್ರಶಸ್ತಿಯ ದೊಡ್ಡ ಮೊತ್ತ ಕೈಗೆ ಬಂದಾಗ, ಅದರಿಂದ ಪ್ರಕೃತಿ ಸಂರಕ್ಷಣೆಗಾಗಿ ಒಂದು ನಿಧಿ ಸ್ಥಾಪಿಸಿದರು. 1987ರಲ್ಲಿ, 90ನೇ ವಯಸ್ಸಿನಲ್ಲಿ, ನಿಧನರಾದರು.

ಮೈಸೂರು ಸಮೀಕ್ಷೆಯ ಕಾಲದಲ್ಲಿ ಶ್ರೀರಂಗಪಟ್ಟಣದ ಬಳಿ ಕಾವೇರಿಯ ಪುಟ್ಟ ನಡುಗಡ್ಡೆಗಳಲ್ಲಿ ಹಕ್ಕಿಗಳು ಗುಂಪುಗುಂಪಾಗಿ ಗೂಡು ಕಟ್ಟುವುದನ್ನು ಅವರು ಕಂಡರು. ಒಡೆಯರ ಸರ್ಕಾರಕ್ಕೆ ಮನವರಿಕೆ ಮಾಡಿಕೊಟ್ಟರು. 1940ರಲ್ಲಿ ಅದು ಪಕ್ಷಿಧಾಮವಾಯಿತು. ಅದೇ ರಂಗನತಿಟ್ಟು. ನಮ್ಮ ಶಾಲೆಗಳ ಪ್ರವಾಸದ ಬಸ್ಸುಗಳು ಗುಂಬಜ್, ದರಿಯಾ ದೌಲತ್ ನೋಡಿ ನೇರ ಮೈಸೂರಿಗೆ ಹೊರಟುಬಿಡುತ್ತವೆ. ಪಕ್ಷಿಧಾಮ ಅಲ್ಲಿಂದ ಕೆಲವೇ ಕಿಲೋಮೀಟರ್. ಈ ಸಲ ಚಳಿಗಾಲದಲ್ಲಿ ಹೋದರೆ ಮೇಷ್ಟ್ರನ್ನು ಕೇಳಿ ಒಂದು ಗಂಟೆ ಅಲ್ಲಿ ಇಳಿಯಿರಿ.