ಐಸೆನ್‌ಹೋವರ್ ಪಥ್ಯ ಮಾಡಿದರೂ ಕೊಲೆಸ್ಟ್ರಾಲ್ ಏಕೆ ಇಳಿಯಲಿಲ್ಲ? ಈಗ ಬಂದಿರುವ ಇಂಜೆಕ್ಷನ್ ಏನು ಮಾಡುತ್ತದೆ?

ಕೊಲೆಸ್ಟ್ರಾಲ್ ಎಂಬುದೇ ದೊಡ್ಡ ಸುಳ್ಳು, ಮಾತ್ರೆ ಬಿಟ್ಟುಬಿಡಿ ಎನ್ನುವ ಸಂದೇಶಗಳು ವಾಟ್ಸಾಪ್‌ನಲ್ಲಿ ಆಗಾಗ ಬರುತ್ತವೆ. ಆರು ತಿಂಗಳಿಗೊಂದು ಇಂಜೆಕ್ಷನ್ ತೆಗೆದುಕೊಂಡರೆ ಸಾಕು, ಏನು ಬೇಕಾದರೂ ತಿನ್ನಬಹುದು ಎನ್ನುವ ಸಂದೇಶಗಳೂ ಬರುತ್ತವೆ. ಎರಡೂ ತಪ್ಪು. ಇದನ್ನು ಅರಿಯಲು ನಾವು ಇಂದು ಒಬ್ಬ ಪ್ರಸಿದ್ಧ ರೋಗಿಯ ಬದುಕನ್ನು ನೋಡೋಣ. ಅವರು ಅಮೆರಿಕದ ಅಧ್ಯಕ್ಷರಾಗಿದ್ದ ಡ್ವೈಟ್ ಐಸೆನ್‌ಹೋವರ್.

ಯಾರು ಈ ಐಸೆನ್‌ಹೋವರ್?

1890ರಲ್ಲಿ ಟೆಕ್ಸಾಸ್‌ನ ಡೆನಿಸನ್‌ನಲ್ಲಿ ಹುಟ್ಟಿದ ಅವರು ಬೆಳೆದದ್ದು ಕಾನ್ಸಾಸ್‌ನ ಅಬಿಲೀನ್ ಎಂಬ ಸಣ್ಣ ಊರಿನಲ್ಲಿ. ಮನೆಯಲ್ಲಿ ದುಡ್ಡು ಅಷ್ಟಕ್ಕಷ್ಟೆ. 1915ರಲ್ಲಿ ಸೈನಿಕ ಶಿಕ್ಷಣ ಮುಗಿಸಿದರು. ಎರಡನೇ ಮಹಾಯುದ್ಧದಲ್ಲಿ, 1944ರ ಜೂನ್ 6ರಂದು ಮಿತ್ರರಾಷ್ಟ್ರಗಳ ಸೇನೆ ಫ್ರಾನ್ಸ್‌ನ ನಾರ್ಮಂಡಿ ತೀರಕ್ಕೆ ಇಳಿದಾಗ ಅದರ ಸೇನಾಧಿಪತಿ ಇವರೇ. 1953ರಿಂದ 1961ರವರೆಗೆ ಅಮೆರಿಕದ ಅಧ್ಯಕ್ಷರಾಗಿದ್ದರು.

ಯುದ್ಧಕಾಲದಲ್ಲಿ ಅವರು ದಿನಕ್ಕೆ ಸುಮಾರು ನಾಲ್ಕು ಪ್ಯಾಕ್ ಸಿಗರೇಟು ಸೇದುತ್ತಿದ್ದರು. 1949ರಲ್ಲಿ ಒಮ್ಮೆಲೇ ಬಿಟ್ಟರು. ಆದರೆ ವರ್ಷಗಟ್ಟಲೆ ಸೇದಿದ ಹೊಗೆಯ ಹಾನಿ ಅಷ್ಟು ಬೇಗ ಹೋಗುವಂಥದ್ದಲ್ಲ.

ಗ್ಯಾಸ್ ಎಂದುಕೊಂಡ ಎದೆನೋವು

1955ರ ಸೆಪ್ಟೆಂಬರ್‌ನಲ್ಲಿ ಅವರು ರಜೆಗೆಂದು ಡೆನ್ವರ್‌ನಲ್ಲಿದ್ದರು. 23ರಂದು ಗಾಲ್ಫ್ ಆಡಿದರು, ನಡುವೆ ಹಸಿ ಈರುಳ್ಳಿ ಹಾಕಿದ ಹ್ಯಾಂಬರ್ಗರ್ ತಿಂದರು. ಹೊಟ್ಟೆ ಸರಿಯಿಲ್ಲ ಅನ್ನಿಸಿತು. ಆ ರಾತ್ರಿ ಎರಡು ಗಂಟೆ ಸುಮಾರಿಗೆ ಎದೆನೋವಿನಿಂದ ಎಚ್ಚರವಾಯಿತು. ವೈದ್ಯರು ಬಂದು ನೋವು ನಿಲ್ಲಲು ಮಾರ್ಫಿನ್ ಇಂಜೆಕ್ಷನ್ ಕೊಟ್ಟರು. ಬೆಳಗ್ಗೆ ಹೊರಗೆ ತಿಳಿಸಿದ್ದು ಅಜೀರ್ಣ ಎಂದು. ಇಸಿಜಿ ತೆಗೆದದ್ದು ಮಧ್ಯಾಹ್ನದ ಹೊತ್ತಿಗೆ. ಆಗಲೇ ಹೃದಯಾಘಾತ ಖಚಿತವಾಗಿ ಅವರನ್ನು ಆಸ್ಪತ್ರೆಗೆ ಸೇರಿಸಿದ್ದು.

ದೇಶದ ಅಧ್ಯಕ್ಷರ ವಿಷಯದಲ್ಲೇ ಹೀಗಾಯಿತು ಎಂದರೆ, ನಮ್ಮ ಆಳಂದ ತಾಲ್ಲೂಕಿನ ಕಿಣ್ಣಿ ಸುಲ್ತಾನದಂಥ ಊರಿನಲ್ಲಿ ನಡುರಾತ್ರಿ ಕಾಕಾನಿಗೆ ಎದೆನೋವು ಬಂದರೆ ಮನೆಯವರು ಗ್ಯಾಸ್ ಎಂದು ಸೋಡಾ ಕುಡಿಸುವುದರಲ್ಲಿ ಆಶ್ಚರ್ಯವಿಲ್ಲ. ಆದರೆ ಹಾಗೆ ಕಳೆದ ಒಂದೊಂದು ಗಂಟೆಗೂ ಹೃದಯದ ಸ್ನಾಯು ಸಾಯುತ್ತಾ ಹೋಗುತ್ತದೆ.

ಆಸ್ಪತ್ರೆಯಲ್ಲಿ ಅವರಿಗೆ ರಕ್ತ ಹೆಪ್ಪುಗಟ್ಟದಂತೆ ಹೆಪಾರಿನ್ ಇಂಜೆಕ್ಷನ್, ನಂತರ ವಾರ್ಫರಿನ್ ಕೊಟ್ಟರು. ವಾರ್ಫರಿನ್ ಮೊದಲು ಇಲಿ ಪಾಷಾಣವಾಗಿ ಮಾರುಕಟ್ಟೆಗೆ ಬಂದಿತ್ತು! ಹೃದ್ರೋಗ ತಜ್ಞ ಪಾಲ್ ಡಡ್ಲಿ ವೈಟ್ ಅಧ್ಯಕ್ಷರ ಸ್ಥಿತಿಯನ್ನು ಪತ್ರಕರ್ತರಿಗೆ ಬಿಡಿಸಿ ಹೇಳಿದರು. ಹೃದಯಾಘಾತ ಎಂದರೇನು ಎಂಬುದು ಅಮೆರಿಕದ ಮನೆಮನೆಗೆ ತಿಳಿದದ್ದು ಆಗ.

ಪಥ್ಯ ಸೋತದ್ದೆಲ್ಲಿ?

ಚೇತರಿಸಿಕೊಂಡ ಐಸೆನ್‌ಹೋವರ್ ತೂಕ ಏರದಂತೆ ನೋಡಿಕೊಂಡರು, ಕೊಬ್ಬು ಕಡಿಮೆ ಮಾಡಿದರು, ರಕ್ತಪರೀಕ್ಷೆ ಮಾಡಿಸುತ್ತಲೇ ಇದ್ದರು. ಆದರೂ ಕೊಲೆಸ್ಟ್ರಾಲ್ ಏರುತ್ತಾ ಹೋಯಿತು. ಇದರಿಂದ ಅವರಿಗೆ ತುಂಬಾ ಬೇಸರವಾಗುತ್ತಿತ್ತು.

ಇದನ್ನೇ ತೋರಿಸಿ ಕೊಲೆಸ್ಟ್ರಾಲ್ ಸುಳ್ಳು ಎನ್ನುವವರಿದ್ದಾರೆ. ಕಾರಣ ಬೇರೆ. ನಮ್ಮ ದೇಹದ ಕೊಲೆಸ್ಟ್ರಾಲ್‌ನ ಹೆಚ್ಚಿನ ಪಾಲನ್ನು ಲಿವರ್ ಮತ್ತು ಇತರ ಜೀವಕೋಶಗಳೇ ತಯಾರಿಸುತ್ತವೆ. ಎಷ್ಟು ತಯಾರಾಗಬೇಕು, ಎಷ್ಟು ಹೊರಹೋಗಬೇಕು ಎಂಬುದರಲ್ಲಿ ಅನುವಂಶೀಯತೆಯ ಪಾಲು ದೊಡ್ಡದು. ಆದ್ದರಿಂದ ಜೋಳದ ರೊಟ್ಟಿ, ಪುಂಡಿಪಲ್ಯ ತಿಂದು ತೆಳ್ಳಗಿರುವವರಲ್ಲೂ ಅದು ಹೆಚ್ಚಿರಬಹುದು. ಪಥ್ಯ ಬೇಕೇ ಬೇಕು. ಆದರೆ ಕೆಲವರಿಗೆ ಅದೊಂದೇ ಸಾಲದು.

ಸಾಲದೇ ಇದ್ದಾಗ ಕೊಡಲು ಅವರ ವೈದ್ಯರ ಬಳಿ ಇಂದಿನಂಥ ಔಷಧವಿರಲಿಲ್ಲ. 1957ರಲ್ಲಿ ಅವರಿಗೆ ಪಾರ್ಶ್ವವಾಯು ಆಯಿತು. ಚೇತರಿಸಿಕೊಂಡು 1959ರ ಡಿಸೆಂಬರ್‌ನಲ್ಲಿ ಭಾರತಕ್ಕೂ ಬಂದು ಹೋದರು. ಮುಂದೆ ಹೃದಯಾಘಾತಗಳು ಮರುಕಳಿಸಿದವು. 1969ರ ಮಾರ್ಚ್ 28ರಂದು, 78ನೇ ವಯಸ್ಸಿನಲ್ಲಿ, ಹೃದಯ ವೈಫಲ್ಯದಿಂದ ತೀರಿಕೊಂಡರು. ಮೊದಲ ಸ್ಟಾಟಿನ್ ಮಾತ್ರೆ ಮಾರುಕಟ್ಟೆಗೆ ಬಂದದ್ದು 18 ವರ್ಷಗಳ ನಂತರ, 1987ರಲ್ಲಿ.

ಇಂಜೆಕ್ಷನ್ ಹೇಗೆ ಕೆಲಸ ಮಾಡುತ್ತದೆ?

ಲಿವರ್ ಜೀವಕೋಶಗಳ ಮೇಲೆ ರಕ್ತದಲ್ಲಿನ ಕೆಟ್ಟ ಕೊಲೆಸ್ಟ್ರಾಲ್ ಅನ್ನು, ಅಂದರೆ ಎಲ್‌ಡಿಎಲ್ ಅನ್ನು, ಹಿಡಿದೆಳೆಯುವ ಕೈಗಳಂಥ ಗ್ರಾಹಕಗಳಿವೆ. ಪಿಸಿಎಸ್‌ಕೆ9 ಎಂಬ ಪ್ರೋಟೀನ್ ಆ ಕೈಗಳನ್ನು ನಾಶ ಮಾಡುತ್ತದೆ. ಇಂಜೆಕ್ಷನ್ ಈ ಪ್ರೋಟೀನನ್ನು ತಡೆಯುತ್ತದೆ. ಕೈಗಳು ಉಳಿಯುತ್ತವೆ, ಎಲ್‌ಡಿಎಲ್ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಇಂಥ ಇಂಜೆಕ್ಷನ್‌ಗಳಿಗೆ ಅನುಮತಿ ಸಿಕ್ಕಿದ್ದು 2015ರಲ್ಲಿ. ಇವೊಲೊಕುಮ್ಯಾಬ್ ಅನ್ನು ಸಾಮಾನ್ಯವಾಗಿ ಎರಡು ವಾರಕ್ಕೊಮ್ಮೆ ಹೊಟ್ಟೆ ಅಥವಾ ತೊಡೆಯ ಚರ್ಮದ ಕೆಳಗೆ ರೋಗಿಯೇ ಚುಚ್ಚಿಕೊಳ್ಳಬಹುದು. ಇನ್‌ಕ್ಲಿಸಿರಾನ್ ಅನ್ನು ಆಸ್ಪತ್ರೆಯಲ್ಲಿ ಕೊಡುತ್ತಾರೆ: ಮೊದಲ ಡೋಸ್, ಮೂರು ತಿಂಗಳಿಗೆ ಇನ್ನೊಂದು, ಆಮೇಲೆ ಆರು ತಿಂಗಳಿಗೊಮ್ಮೆ.

ರೋಗಿಗಳಿಗೆ ಸಾಮಾನ್ಯವಾಗಿ ಆಗುವ ತೊಂದರೆ ಎಂದರೆ ಚುಚ್ಚಿದ ಜಾಗದಲ್ಲಿ ನೋವು, ಕೆಂಪಾಗುವುದು, ಊತ. ನೆನಪಿನ ಶಕ್ತಿ ಹಾಳಾಗುತ್ತದೆ ಎಂಬ ಭಯವಿತ್ತು. 2017ರಲ್ಲಿ ಪ್ರಕಟವಾದ ಇವೊಲೊಕುಮ್ಯಾಬ್ ಅಧ್ಯಯನದಲ್ಲಿ ಅಂಥ ವ್ಯತ್ಯಾಸ ಕಾಣಲಿಲ್ಲ. ಅದೇ ವರ್ಷ, 27 ಸಾವಿರಕ್ಕೂ ಹೆಚ್ಚು ಹೃದ್ರೋಗಿಗಳ ಅಧ್ಯಯನದಲ್ಲಿ ಹೃದಯಾಘಾತ, ಪಾರ್ಶ್ವವಾಯುವಿನಂಥ ಘಟನೆಗಳು ಸುಮಾರು 15% ಕಡಿಮೆಯಾದವು. ಅವರು ಸ್ಟಾಟಿನ್ ಮಾತ್ರೆಯನ್ನೂ ನುಂಗುತ್ತಿದ್ದರು ಎಂಬುದನ್ನು ಮರೆಯಬಾರದು. ಈ ಇಂಜೆಕ್ಷನ್ ದುಬಾರಿ. ಮಾತ್ರೆಯಿಂದ ಸಾಕಷ್ಟು ಇಳಿಯದವರಿಗೆ, ಮಾತ್ರೆ ಒಗ್ಗದವರಿಗೆ, ವಂಶಪಾರಂಪರ್ಯವಾಗಿ ಬಹಳ ಹೆಚ್ಚು ಕೊಲೆಸ್ಟ್ರಾಲ್ ಇರುವವರಿಗೆ ವೈದ್ಯರು ಇದನ್ನು ಬರೆಯುತ್ತಾರೆ.

ಎರಡು ಇಂಜೆಕ್ಷನ್ ಬೇರೆ ಬೇರೆ

ನಮ್ಮ ರಾಜ್ಯದ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ ಉಚಿತವಾಗಿ ಕೊಡುವುದು ಟೆನೆಕ್ಟೆಪ್ಲೇಸ್. ಅದು ಹೃದಯಾಘಾತದ ಹೊತ್ತಿನಲ್ಲಿ ರಕ್ತದ ಹೆಪ್ಪು ಕರಗಿಸುವ ಔಷಧ, ಕೊಲೆಸ್ಟ್ರಾಲ್ ಇಂಜೆಕ್ಷನ್ ಅಲ್ಲ. ಅದು ಕೆಲಸಕ್ಕೆ ಬರಬೇಕಾದರೆ ಬೇಗ ತಲುಪಬೇಕು. ಎದೆನೋವು, ಬೆವರು, ಉಸಿರಾಟದ ತೊಂದರೆ ಬಂದರೆ 108ಕ್ಕೆ ಕರೆ ಮಾಡಿ, ಹತ್ತಿರದ ಆಸ್ಪತ್ರೆಯಲ್ಲಿ ಮೊದಲು ಇಸಿಜಿ ಮಾಡಿಸಿ. ಕಲಬುರಗಿಯಲ್ಲಿ ಜಯದೇವ ಹೃದ್ರೋಗ ಆಸ್ಪತ್ರೆಯೂ ಇದೆ.

ಐಸೆನ್‌ಹೋವರ್ ಅವರಿಗೆ ಮಾತ್ರೆಯೂ ಇರಲಿಲ್ಲ, ಇಂಜೆಕ್ಷನ್ನೂ ಇರಲಿಲ್ಲ. ನಮಗೆ ಎರಡೂ ಇವೆ. ಯಾವುದೋ ಸಂದೇಶ ನಂಬಿ ಮಾತ್ರೆ ನಿಲ್ಲಿಸಬೇಡಿ, ನಿಲ್ಲಿಸುವ ಮುನ್ನ ವೈದ್ಯರನ್ನು ಕೇಳಿ. ಮಾತ್ರೆ ಬಿಟ್ಟಿರುವ ಹಿರಿಯರು ನಿಮ್ಮ ಮನೆಯಲ್ಲಿದ್ದರೆ ಇದನ್ನು ಅವರಿಗೆ ಓದಿ ಹೇಳಿ.