ಒಂದು ಸರ್ಕಾರಿ ಲ್ಯಾಬು, ಒಂದು ಹಿಡಿ ಮಣ್ಣು, ಯೀಸ್ಟ್ ಸೋಂಕಿನ ಮದ್ದು

ಸರ್ಕಾರಿ ಲ್ಯಾಬಿನಿಂದ ಹೊಸದೇನೂ ಬರಲ್ಲ ಅನ್ನೋ ಮಾತನ್ನು ಇಂಜಿನಿಯರಿಂಗ್ ಓದುವಾಗ ದಿನಾ ಕೇಳ್ತಿದ್ದೆ. ಈಗ ಯಾರಾದರೂ ಹಾಗಂದ್ರೆ ಎಲಿಜಬೆತ್ ಲೀ ಹೇಜನ್ ಕತೆ ಹೇಳ್ತೀನಿ.

ಹೇಜನ್ ಹುಟ್ಟಿದ್ದು 1885ರಲ್ಲಿ, ಅಮೆರಿಕದ ಮಿಸಿಸಿಪ್ಪಿ ರಾಜ್ಯದ ಹತ್ತಿ ಬೆಳೆಯುವ ಸೀಮೆಯಲ್ಲಿ. ಎಳವೆಯಲ್ಲೇ ಅಪ್ಪ ಅಮ್ಮ ಇಬ್ಬರೂ ತೀರಿಕೊಂಡರು. ಬಂಧುಗಳು ಸಾಕಿದರು. ಹೈಸ್ಕೂಲಿನಲ್ಲಿ ಪಾಠ ಮಾಡಿದರು, ಮತ್ತೆ ಓದಿದರು. ಕೊಲಂಬಿಯಾ ವಿಶ್ವವಿದ್ಯಾಲಯದಿಂದ ಪಿಎಚ್‌ಡಿ ಸಿಕ್ಕಿದ್ದು 1927ರಲ್ಲಿ, ವಯಸ್ಸು ನಲವತ್ತು ದಾಟಿದ ಮೇಲೆ. 1931ರಲ್ಲಿ ನ್ಯೂಯಾರ್ಕ್ ರಾಜ್ಯ ಆರೋಗ್ಯ ಇಲಾಖೆಯ ಲ್ಯಾಬ್ ಸೇರಿದರು.

1940ರ ದಶಕದಲ್ಲಿ ಆಂಟಿಬಯೋಟಿಕ್‌ಗಳು ಬಂದವು. ಅವು ಬ್ಯಾಕ್ಟೀರಿಯಾವನ್ನು ಕೊಂದವು, ಜೀವ ಉಳಿಸಿದವು. ಆದರೆ ನಮ್ಮ ಬಾಯಿ, ಕರುಳು, ಯೋನಿಯಲ್ಲಿ ಸುಮ್ಮನೆ ಬದುಕಿಕೊಂಡಿರುವ ಕ್ಯಾಂಡಿಡಾ ಎಂಬ ಯೀಸ್ಟಿಗೆ, ಪಕ್ಕದ ಬ್ಯಾಕ್ಟೀರಿಯಾ ಸತ್ತಾಗ ಜಾಗ ಖಾಲಿ ಸಿಕ್ಕಿತು. ಅದನ್ನು ಕೊಲ್ಲುವ, ಮನುಷ್ಯರಿಗೆ ಸುರಕ್ಷಿತವಾದ ಮದ್ದು ಆಗ ಇರಲಿಲ್ಲ.

ಈ ಸೋಂಕಿಗೆ ಹಲವು ಮುಖ. ಹಸುಗೂಸಿನ ನಾಲಿಗೆ ಮೇಲೆ ಮೊಸರಿನಂಥ ಬಿಳಿ ಪದರ. ತೊಡೆಸಂದು, ಸ್ತನದ ಕೆಳಗಿನ ಮಡಿಕೆಯಲ್ಲಿ ಕೆಂಪು ಉರಿ. ಹೆಂಗಸರಲ್ಲಿ ತುರಿಕೆ, ಗಟ್ಟಿಯಾದ ಬಿಳಿ ಸ್ರಾವ. ರೋಗನಿರೋಧಕ ಶಕ್ತಿ ಕುಗ್ಗಿದವರಲ್ಲಿ, ಐಸಿಯುನಲ್ಲಿರುವವರಲ್ಲಿ ರಕ್ತಕ್ಕೇ ಇಳಿದರೆ ಪ್ರಾಣಕ್ಕೇ ಕುತ್ತು. ಸಕ್ಕರೆ ಕಾಯಿಲೆ, ಗರ್ಭಾವಸ್ಥೆ ಇದ್ದಾಗ ಸೋಂಕು ಬರುವ ಸಂಭವ ಜಾಸ್ತಿ.

ಆದರೆ ತುರಿಸಿದ್ದೆಲ್ಲ ಯೀಸ್ಟ್ ಅಲ್ಲ. ಬ್ಯಾಕ್ಟೀರಿಯಾದಿಂದಲೂ, ಬೇರೆ ಪರಾವಲಂಬಿಗಳಿಂದಲೂ ಇಂಥದೇ ತೊಂದರೆ ಬರುತ್ತೆ, ಅವುಗಳ ಮದ್ದೇ ಬೇರೆ. ಹೇಜನ್ ಮೊದಲು ಹಿಡಿದದ್ದು ಈ ಗುರುತಿಸುವ ಕೆಲಸವನ್ನೇ. ವೈದ್ಯರು ಕಳಿಸಿದ ಮಾದರಿಗಳನ್ನು ಮೈಕ್ರೋಸ್ಕೋಪಿನಲ್ಲಿ ನೋಡಿ, ತಟ್ಟೆಯಲ್ಲಿ ಬೆಳೆಸಿ, ಯಾವ ಶಿಲೀಂಧ್ರ ಅಂತ ಹೇಳೋದು. ಅದರ ಬಗ್ಗೆ 1955ರಲ್ಲಿ ಸಹೋದ್ಯೋಗಿಯ ಜೊತೆ ಕೈಪಿಡಿಯನ್ನೂ ಬರೆದರು. ಇವತ್ತಿಗೂ ದಾರಿ ಅದೇ: ಸ್ರಾವದ ಒಂದು ಹನಿ, ಒಂದು ಸ್ಲೈಡು, ಬೇಕಾದರೆ ಕಲ್ಚರ್.

1948ರಲ್ಲಿ ಮದ್ದಿನ ಹುಡುಕಾಟ ಶುರು. ಜೊತೆಗೆ ಅದೇ ಇಲಾಖೆಯ ರಸಾಯನ ವಿಜ್ಞಾನಿ ರೇಚೆಲ್ ಬ್ರೌನ್. ಹೇಜನ್ ನ್ಯೂಯಾರ್ಕ್ ನಗರದಲ್ಲಿ, ಬ್ರೌನ್ ಆಲ್ಬನಿಯಲ್ಲಿ. ಹೇಜನ್ ಬೇರೆ ಬೇರೆ ಕಡೆಯ ಮಣ್ಣಿನಿಂದ ಸೂಕ್ಷ್ಮಜೀವಿ ಬೆಳೆಸಿ, ಶಿಲೀಂಧ್ರವನ್ನು ಕೊಲ್ಲುವಂಥದ್ದನ್ನು ಗಾಜಿನ ಜಾಡಿಯಲ್ಲಿ ಅಂಚೆಗೆ ಹಾಕೋರು. ಬ್ರೌನ್ ಅದರ ಸಾರ ತೆಗೆದು ಅಂಚೆಯಲ್ಲೇ ವಾಪಸ್ ಕಳಿಸೋರು. ಹೆಚ್ಚಿನವು ಇಲಿಗಳನ್ನೂ ಕೊಂದವು. ಕೊನೆಗೆ ಕೈಹಿಡಿದದ್ದು ವರ್ಜೀನಿಯಾದಲ್ಲಿ ಹೇಜನ್ ಸ್ನೇಹಿತರ ತೋಟದ ಮಣ್ಣು. 1950ರಲ್ಲಿ ಜಗತ್ತಿಗೆ ತಿಳಿಸಿದ ಆ ಮದ್ದಿಗೆ ನ್ಯೂಯಾರ್ಕ್ ಸ್ಟೇಟ್ ಹೆಸರಿನಿಂದ ನಿಸ್ಟಾಟಿನ್ ಅಂತ ಹೆಸರಾಯಿತು. ಯೀಸ್ಟಿನ ಪೊರೆಯಲ್ಲಿ ಎರ್ಗೋಸ್ಟೆರಾಲ್ ಎಂಬ ವಸ್ತುವಿದೆ, ನಮ್ಮ ಜೀವಕೋಶಗಳಲ್ಲಿ ಅದಿಲ್ಲ. ನಿಸ್ಟಾಟಿನ್ ಅದನ್ನೇ ಹಿಡಿದು ಪೊರೆಗೆ ತೂತು ಕೊರೆಯುತ್ತೆ. ಕರುಳಿನಿಂದ ರಕ್ತಕ್ಕೆ ಸೇರಲ್ಲ, ಹಾಗಾಗಿ ಬಾಯಿ, ಕರುಳು, ಚರ್ಮ, ಯೋನಿಯ ಸೋಂಕಿಗಷ್ಟೇ ಉಪಯೋಗ.

ಪೇಟೆಂಟಿನ ರಾಯಧನವಾಗಿ ಬಂದದ್ದು ಸುಮಾರು 1 ಕೋಟಿ 30 ಲಕ್ಷ ಡಾಲರ್. ಇಬ್ಬರೂ ಒಂದು ಡಾಲರನ್ನೂ ಸ್ವಂತಕ್ಕೆ ಇಟ್ಟುಕೊಳ್ಳಲಿಲ್ಲ. ಪೂರ್ತಿ ಹಣ ವಿಜ್ಞಾನ ಸಂಶೋಧನೆಗೆ ಹೋಯಿತು. ಹೇಜನ್ 1975ರಲ್ಲಿ ತೀರಿಕೊಂಡರು, ಬ್ರೌನ್ 1980ರಲ್ಲಿ.

ಇವತ್ತು ಕ್ಲೋಟ್ರಿಮಜೋಲ್, ಫ್ಲುಕೊನಜೋಲ್ ಬಂದಿವೆ. ಗರ್ಭಿಣಿಯರಿಗೆ ಸಾಮಾನ್ಯವಾಗಿ ಮಾತ್ರೆ ಬದಲು ಯೋನಿಯೊಳಗೆ ಇಡುವ ಮದ್ದು ಕೊಡ್ತಾರೆ. ನಿಸ್ಟಾಟಿನ್ ಈಗಲೂ ವಿಶ್ವ ಆರೋಗ್ಯ ಸಂಸ್ಥೆಯ ಅಗತ್ಯ ಔಷಧಿಗಳ ಪಟ್ಟಿಯಲ್ಲಿದೆ. ಆದರೆ ನಮ್ಮಲ್ಲಿ ಎಷ್ಟೋ ಜನ ಸ್ಲೈಡು ನೋಡಿಸೋ ಬದಲು, ಸ್ಟೆರಾಯ್ಡ್ ಬೆರೆತ ಕ್ರೀಮನ್ನು ಮೆಡಿಕಲ್ ಶಾಪಿನಲ್ಲಿ ಕೇಳಿ ಹಚ್ಕೋತಾರೆ. ತುರಿಕೆ ನಿಲ್ಲುತ್ತೆ, ಶಿಲೀಂಧ್ರ ಹರಡುತ್ತೆ. ಹೆಂಗಸರು ನಾಚಿಕೆಗೆ ಬಾಯೇ ಬಿಡಲ್ಲ.

ನಾಚಿಕೆ ಬಿಟ್ಟು ಡಾಕ್ಟರ ಹತ್ತಿರ ಹೋಗಿ ಅನ್ನೋದು ಸುಲಭ. ಹೋದಲ್ಲಿ ಮೈಕ್ರೋಸ್ಕೋಪು, ಅದನ್ನು ನೋಡಬಲ್ಲ ಸಿಬ್ಬಂದಿ ಇರಬೇಕಲ್ಲ? ಹೇಜನ್‌ಗೆ ಸಂಬಳ ಕೊಟ್ಟದ್ದು, ಹುಡುಕೋಕೆ ಸಮಯ ಕೊಟ್ಟದ್ದು ಜನರ ತೆರಿಗೆ ಹಣ. ನಿಮ್ಮ ತಾಲ್ಲೂಕು ಆಸ್ಪತ್ರೆಯ ಲ್ಯಾಬಿನಲ್ಲಿ ಎಷ್ಟು ಹುದ್ದೆ ಖಾಲಿ ಇವೆ ಅಂತ ಮುಂದಿನ ಚುನಾವಣೆಯಲ್ಲಿ ಓಟು ಕೇಳಕ್ಕೆ ಬಂದವರನ್ನು ಕೇಳಿ.